ಕಟ್ಟದೆ ಬಿಟ್ಟ ನೆಲ

ನಗರದ ಕಟ್ಟಡಗಳನ್ನು ಕುರಿತು ಮಾತು ಬಂದಾಗ ನಾವೆಲ್ಲರೂ ಸಾಮಾನ್ಯವಾಗಿ ನೋಡುವುದು ಕಟ್ಟಿರುವ ಭಾಗವನ್ನು. ಗೋಪುರ ಎಷ್ಟು ಎತ್ತರ, ಕಂಬಗಳ ಕೆತ್ತನೆ ಎಂಥದು, ಎಷ್ಟು ಲಕ್ಷ ರೂಪಾಯಿ ವೆಚ್ಚವಾಯಿತು, ಇವೇ ನಮ್ಮ ಪ್ರಶ್ನೆಗಳು. ಕಟ್ಟಡದ ಒಳಗೂ ಸುತ್ತಲೂ ಕಟ್ಟದೆ ಬಿಟ್ಟ ನೆಲವೆಷ್ಟು, ಅದನ್ನು ಏಕೆ ಬಿಟ್ಟರು, ಯಾರಿಗಾಗಿ ಬಿಟ್ಟರು ಎಂದು ಕೇಳುವವರು ವಿರಳ. ಆದರೆ ಒಂದು ಊರಿನ ಅಂದವೂ ಅನುಕೂಲವೂ ಅಲ್ಲಿ ವಾಸಮಾಡುವವರ ಸುಖವೂ ಗೋಡೆಗಳಿಗಿಂತ ಹೆಚ್ಚಾಗಿ ಈ ಬಿಟ್ಟ ನೆಲವನ್ನೇ ಅವಲಂಬಿಸಿರುವುವೆಂಬುದು ನಮ್ಮ ಅಭಿಪ್ರಾಯ. ಬೆಂಗಳೂರು ನಗರದ ಚರಿತ್ರೆಯಿಂದ ಈ ಮಾತನ್ನು ಸ್ಪಷ್ಟಪಡಿಸಲು ಈ ಭಾಷಣದಲ್ಲಿ ಪ್ರಯತ್ನಿಸುವೆವು.

ರೋಮನ್ ವಾಸ್ತುಶಿಲ್ಪಿಯಾದ ವಿಟ್ರೂವಿಯಸನು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿಯೇ ಕಟ್ಟಡಕ್ಕೆ ಮೂರು ಗುಣಗಳಿರಬೇಕೆಂದು ವಿಧಿಸಿದನು: ದೃಢತೆ, ಉಪಯುಕ್ತತೆ, ಸೌಂದರ್ಯ. ನಮ್ಮ ವಾಸ್ತುಶಾಸ್ತ್ರಕಾರರು ನಿವೇಶನವನ್ನು ಚೌಕಗಳಾಗಿ ವಿಭಾಗಿಸಿ, ನಟ್ಟನಡುವಿನ ಭಾಗವನ್ನು ಬ್ರಹ್ಮಸ್ಥಾನವೆಂದು ಕರೆದು, ಮನೆ ಕಟ್ಟುವವನು ಅದರ ಮೇಲೆ ಭಾರ ಹೊರಿಸದೆ ತೆರೆದು ಬಿಡಬೇಕೆಂದರು. ಅವರು ಹೇಳಿದ ಕಾರಣ ದೈವಿಕವಾದುದು. ದೊರೆತ ಫಲ ಮಾತ್ರ ತೀರ ಲೌಕಿಕವಾದುದು. ಮನೆಯ ನಡುವೆ ಆಕಾಶ ಕಂಡಿತು, ಗಾಳಿ ಆಡಿತು, ಬೆಳಕು ಬಿತ್ತು. ಪಶ್ಚಿಮದವನು ಲೆಕ್ಕಹಾಕಿದ ಗುಣಗಳ ಪಕ್ಕದಲ್ಲಿ ನಮ್ಮವರು ಬಿಟ್ಟ ಈ ಬಯಲನ್ನು ಇಟ್ಟು ನೋಡಿದರೆ, ಉಪಯುಕ್ತತೆಯೂ ಸೌಂದರ್ಯವೂ ಬೇರೆಬೇರೆಯಲ್ಲವೆಂಬುದು ಗೋಚರವಾಗುವುದು.

ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಗೆ ಅಸ್ತಿಭಾರ ಹಾಕಿದರೆಂದು ಪ್ರಸಿದ್ಧಿಯಿದೆ. ದೊಡ್ಡಪೇಟೆ, ಚಿಕ್ಕಪೇಟೆಗಳ ಎರಡು ಹೆದ್ದಾರಿಗಳು ಒಂದನ್ನೊಂದು ಕತ್ತರಿಸುವ ಚೌಕದ ಸುತ್ತ ಆ ಊರು ಬೆಳೆಯಿತು. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ನಗರ್ತಪೇಟೆ, ತಿಗಳರಪೇಟೆ ಮೊದಲಾದ ಹೆಸರುಗಳೇ ಅಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನೂ ವಾಸವಾಗಿದ್ದ ಕುಲಗಳನ್ನೂ ಸಾರುತ್ತಿವೆ. ಬೀದಿಗಳು ಇಕ್ಕಟ್ಟಾಗಿದ್ದುವು, ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದುವು. ಇದನ್ನು ಕಂಡ ಪಾಶ್ಚಾತ್ಯ ಅಧಿಕಾರಿಗಳು ಇದೊಂದು ಕ್ರಮವಿಲ್ಲದ ಜಂಗುಳಿಯೆಂದು ಬಗೆದರು. ಆದರೆ ಅವರು ಕಂಡದ್ದು ಬೀದಿಯ ಕಡೆಯ ಗೋಡೆಯನ್ನು. ಬಾಗಿಲು ದಾಟಿ ಒಳಗೆ ಹೋದವನಿಗೆ ಬೇರೊಂದು ಲೋಕವೇ ಕಾಣುತ್ತಿತ್ತು.

ಮೊದಲು ಜಗಲಿ. ಅದು ಮನೆಯದೂ ಹೌದು, ಬೀದಿಯದೂ ಹೌದು. ದಾರಿಹೋಕನು ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು; ಮನೆಯ ಹಿರಿಯರು ಅಲ್ಲಿಂದಲೇ ಬೀದಿಯ ಯೋಗಕ್ಷೇಮವನ್ನು ವಿಚಾರಿಸುತ್ತಿದ್ದರು. ಅದನ್ನು ದಾಟಿದರೆ ಪಡಸಾಲೆ, ಅದರಾಚೆ ತೊಟ್ಟಿ. ಸುತ್ತಲೂ ಕಂಬಗಳ ಮೇಲೆ ನಿಂತ ಹೆಂಚಿನ ಇಳಿಮಾಡು. ನಡುವೆ ಮಳೆಯ ನೀರು ಬಿದ್ದು ಹರಿದುಹೋಗುವಂತೆ ತಗ್ಗಾಗಿ ಕಲ್ಲು ಹಾಸಿದ ಅಂಗಳ. ಆಮೇಲೆ ಅಡಿಗೆಮನೆ, ಬಚ್ಚಲು, ಹಿತ್ತಿಲು. ಹಗಲು ಕಾದ ಗಾಳಿ ಹಗುರಾಗಿ ತೊಟ್ಟಿಯ ಮೂಲಕ ಮೇಲಕ್ಕೇರುವುದು. ರಾತ್ರಿ ಅಂಗಳದ ಕಲ್ಲು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗಲು, ಆ ತಂಪುಗಾಳಿ ಪಡಸಾಲೆಯಲ್ಲಿ ಮಲಗಿದವರ ಕಡೆಗೆ ಹರಿಯುವುದು. ಹೀಗೆ ಒಂದೇ ಅಂಗಳವು ದೀಪವೂ ಬೀಸಣಿಗೆಯೂ ನೀರಿನ ದಾರಿಯೂ ಆಗಿತ್ತು. ಹಪ್ಪಳ ಒಣಗಿಸಲು, ಕೂಸನ್ನು ಬಿಸಿಲಿಗೆ ಹಿಡಿಯಲು, ಹಬ್ಬದ ದಿನ ರಂಗೋಲಿಯಿಡಲು ಅದೇ ಸ್ಥಳ. ಇಷ್ಟು ಕೆಲಸಗಳನ್ನು ಮಾಡಿಕೊಡುವ ಕೋಣೆ ಮನೆಯಲ್ಲಿ ಮತ್ತೊಂದಿರಲಿಲ್ಲ. ಅದೋ, ಕಟ್ಟದೆ ಬಿಟ್ಟ ನೆಲ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದು ನಮ್ಮ ಉದ್ದೇಶವಲ್ಲ. ತೊಟ್ಟಿಯಿಂದ ದೂರವಾದ ಒಳಕೋಣೆಗಳು ಕತ್ತಲೆಯ ಗೂಡುಗಳಾಗಿದ್ದುವು. ಬಾಣಂತಿಯರೂ ರೋಗಿಗಳೂ ಮಲಗುತ್ತಿದ್ದುದು ಅನೇಕ ವೇಳೆ ಅಲ್ಲಿಯೇ. ಬಡವರ ಮನೆಗಳಿಗೆ ತೊಟ್ಟಿಯೇ ಇರಲಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ತೊಟ್ಟಿಯ ನಡುವೆ ಗೋಡೆ ಎದ್ದಿತು. ವ್ಯಾಪಾರ ಹೆಚ್ಚಿದಾಗ ಹಿತ್ತಿಲಿಗೆ ಮಾಡು ಬಂದು ಅದು ಉಗ್ರಾಣವಾಯಿತು. ಅಕ್ಕಿ, ರಾಗಿಗಳ ಮೂಟೆಗಳು ಮನುಷ್ಯರು ಮಲಗುವ ಗೋಡೆಗೇ ಒರಗಿದುವು. ಮೂಟೆಗಳಿದ್ದ ಕಡೆ ಇಲಿಗಳಿಗೆ ಏನು ಬರ? ಊರಿನ ರೂಪ ಕೆಟ್ಟದ್ದು ಬೀದಿ ಇಕ್ಕಟ್ಟಾಗಿದ್ದುದರಿಂದಲ್ಲ, ಒಳಗೆ ಬಿಟ್ಟಿದ್ದ ಬಯಲನ್ನು ನಾವೇ ತುಂಬಿಬಿಟ್ಟುದರಿಂದ ಎಂಬ ಅಂಶವನ್ನು ಇಲ್ಲಿ ಗಮನಿಸಬೇಕು.

ಈ ತಪ್ಪಿಗೆ ಭಯಂಕರವಾದ ದಂಡ ಬಂದುದು 1898ರಲ್ಲಿ. ಎರಡು ವರ್ಷ ಮುಂಚೆ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುದಾರಿ ಹಿಡಿದು, ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಹೊಕ್ಕಿತು. ಸಾವಿರಾರು ಮಂದಿ ಸತ್ತರು. ಸಾವಿರಾರು ಮಂದಿ ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲುಗಳಲ್ಲಿ ದಿನ ಕಳೆದರು. ಅಧಿಕಾರಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಹೆಂಚುಗಳನ್ನು ತೆಗೆಸಿ ಒಳಕೋಣೆಗಳಿಗೆ ಬಿಸಿಲು ಬೀಳುವಂತೆ ಮಾಡಿದರು. ಜನರಿಗೆ ರೋಗದ ಭಯದಷ್ಟೇ ಈ ಶೋಧನೆಯ ಭಯವೂ ಇತ್ತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಅದೇ ವರ್ಷ ದಂಗೆಯೇ ಎದ್ದಿತು.

ಆಗಿನ ವೈದ್ಯಶಾಸ್ತ್ರದ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಅದು ಇಲಿಯ ಮೈಮೇಲಣ ಚಿಗಟದಿಂದ ಹರಡುವುದೆಂದು ಸಿಮಾಂ ಎಂಬವನು 1898ರಲ್ಲಿ ಕರಾಚಿಯಲ್ಲಿ ತೋರಿಸಿದನು. ಆದರೆ ಆ ಮಾತನ್ನು ಲೋಕವು ಒಪ್ಪಲು ಸುಮಾರು ಹತ್ತು ವರ್ಷ ಹಿಡಿಯಿತು. ಆದುದರಿಂದ ಬೆಂಗಳೂರಿನ ಅಧಿಕಾರಿಗಳು ಹೋರಾಡಿದ್ದು ಇಲಿಯೊಡನೆ ಅಲ್ಲ; ಕೊಳಕು, ತೇವ, ಕತ್ತಲೆ, ನಿಂತ ಗಾಳಿ ಇವುಗಳೊಡನೆ. ಕಾರಣ ಪೂರ್ತಿ ಸರಿಯಾಗಿರಲಿಲ್ಲ. ಆದರೂ ಅವರು ಮಾಡಿದ ಕೆಲಸ ವ್ಯರ್ಥವಾಗಲಿಲ್ಲ. ಏಕೆಂದರೆ ಕ್ಷಯವೇ ಮೊದಲಾಗಿ ಉಸಿರಿನಿಂದ ಹರಡುವ ರೋಗಗಳಿಗೆ ಗಾಳಿ ಬೆಳಕುಗಳು ನಿಜವಾದ ಶತ್ರುಗಳು.

ಊರನ್ನು ಅಗಲಮಾಡುವ ಆಲೋಚನೆ 1890ರ ದಶಕದ ಆದಿಭಾಗದಲ್ಲಿಯೇ ಹುಟ್ಟಿತ್ತು. ಪ್ಲೇಗು ಅದನ್ನು ಅವಸರಪಡಿಸಿತು. ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ, ಈ ಎರಡು ಬಡಾವಣೆಗಳು ಹೀಗೆ ಎದ್ದುವು. ದಂಡಿನ ಪ್ರದೇಶದಲ್ಲಿ 1910ರಲ್ಲಿ ಫ್ರೇಜರ್ ಟೌನ್ ಸಿದ್ಧವಾಯಿತು. ಅಲ್ಲಿ ಇಲಿಗಳಿಗೆ ಅಡಗುತಾಣವೇ ಇಲ್ಲದಂತೆ ಮನೆ ಕಟ್ಟುವ ಕ್ರಮವನ್ನು ಜೆ. ಎಚ್. ಸ್ಟೀಫನ್ಸ್ ಎಂಬ ಎಂಜಿನಿಯರು ಆಚರಣೆಗೆ ತಂದು, 1914ರಲ್ಲಿ ಅದನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದನು. ಮೈಸೂರು ನಗರದಲ್ಲಿಯೂ 1903ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಸ್ಥಾಪಿತವಾಗಿ ಇದೇ ಕಾರ್ಯವನ್ನು ಕೈಗೊಂಡಿತು.

ಈ ಬಡಾವಣೆಗಳಲ್ಲಿ ನಡೆದ ಮುಖ್ಯವಾದ ಬದಲಾವಣೆಯೆಂದರೆ, ಮನೆಯ ಒಳಗಿದ್ದ ಬಯಲು ಮನೆಯ ಹೊರಕ್ಕೆ ಬಂದಿತು. ತೊಟ್ಟಿ ಮುಚ್ಚಿ ನಡುಮನೆಯಾಯಿತು. ಅದಕ್ಕೆ ಪ್ರತಿಯಾಗಿ ಮುಂದೆ ಹೂದೋಟ, ಹಿಂದೆ ಬಾವಿ, ತೆಂಗು, ಹಲಸುಗಳ ಹಿತ್ತಿಲು, ಅಕ್ಕಪಕ್ಕದಲ್ಲಿ ಓಣಿ ಬಂದುವು. ಹಿಂದೆ ಮನೆಯವನು ತನ್ನ ಗಾಳಿಯನ್ನು ತನ್ನ ಗೋಡೆಗಳೊಳಗೇ ಇಟ್ಟುಕೊಂಡಿದ್ದನು. ಈಗ ಇಬ್ಬರು ನೆರೆಯವರ ನಡುವಣ ಓಣಿಯಲ್ಲಿ ಅರ್ಧ ಇವನದು, ಅರ್ಧ ಅವನದು. ಇವನು ತನ್ನ ಅರ್ಧವನ್ನು ಕಟ್ಟಿದರೆ ಅವನ ಕಿಟಕಿಗೂ ಕತ್ತಲೆ. ಸುಖವು ಪರಸ್ಪರ ನಂಬಿಕೆಯ ವಿಷಯವಾಯಿತೆಂದು ಹೇಳಿದರೆ ತಪ್ಪಾಗಲಾರದು.

ಆ ಕಾಲದ ಮನೆಗಳು ಕೆಲವು ಇಂದಿಗೂ ಉಳಿದಿವೆ. ಎತ್ತರವಾದ ಮಾಡು, ಅದರ ಕೆಳಗೆ ಬಿಸಿಗಾಳಿ ಹೊರಹೋಗುವಂತೆ ಗವಾಕ್ಷಿಗಳು, ಮುಂದೆ ವರಾಂಡ, ಕಿಟಕಿಗಳ ಮೇಲೆ ಮರದ ಪಟ್ಟಿಗಳನ್ನು ಜೋಡಿಸಿದ ಚೂಪುತುದಿಯ ಮುಚ್ಚಿಗೆ. ಇದಕ್ಕೆ ಜನರು ಮಂಕಿ ಟಾಪ್ ಎಂದು ಹೆಸರಿಟ್ಟಿರುವರು. ನೋಡಲು ಅಲಂಕಾರದಂತಿರುವ ಈ ಮುಚ್ಚಿಗೆ ಬಿಸಿಲನ್ನೂ ಮಳೆಯ ಎರಚಲನ್ನೂ ತಡೆದು, ಗಾಳಿಯನ್ನು ಮಾತ್ರ ಒಳಗೆ ಬಿಡುವ ಉಪಾಯ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಪ್ರಾರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಹರಡಿದ ಹೆಂಚುಗಳು ಒಂದು ಕಡೆ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಕೂಡಿಸಿದ ಮದರಾಸು ತಾರಸಿ ಇನ್ನೊಂದು ಕಡೆ. ಈ ಮನೆಗಳ ಅಂದವು ಮೇಲೆ ಮೆತ್ತಿದ್ದಲ್ಲ, ಪ್ರಯೋಜನದಿಂದಲೇ ಹುಟ್ಟಿದ್ದು.

ಸೂರ್ಯನ ಗತಿಯನ್ನು ಬಲ್ಲವರಿಗೆ ಇವುಗಳ ಜಾಣತನ ಇನ್ನೂ ಚೆನ್ನಾಗಿ ತಿಳಿಯುವುದು. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಗಳಲ್ಲಿದೆ. ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ನಡುಹಗಲ ಸೂರ್ಯನು ನೆತ್ತಿಯ ಮೇಲೆ ನಿಲ್ಲುವನು. ಡಿಸೆಂಬರಿನಲ್ಲಿ ಕೂಡ ಅವನು ದಕ್ಷಿಣದಲ್ಲಿ ಬಹಳ ಕೆಳಗಿಳಿಯನು. ಆದುದರಿಂದ ಉತ್ತರ ದಕ್ಷಿಣದ ಗೋಡೆಗಳಿಗೆ ಒಂದಿಷ್ಟು ಚಾಚಿದ ಸೂರು ಸಾಕು. ಪೂರ್ವ ಪಶ್ಚಿಮಗಳ ಮಾತು ಹಾಗಲ್ಲ. ಸಂಜೆಯ ಬಿಸಿಲು ಓರೆಯಾಗಿ ನೇರ ಕೋಣೆಯೊಳಕ್ಕೆ ಬರುವುದು. ಅದನ್ನು ಸೂರು ತಡೆಯಲಾರದು. ವರಾಂಡವೋ ಜಾಲಂಧ್ರವೋ ಮರವೋ ಬೇಕು. ಮರಕ್ಕೆ ನೆಲ ಬೇಕು, ಕಟ್ಟದೆ ಬಿಟ್ಟ ನೆಲ.

ಸಾರ್ವಜನಿಕ ಕಟ್ಟಡಗಳ ವಿಷಯದಲ್ಲಿಯೂ ಇದೇ ನ್ಯಾಯ. 1868ರಲ್ಲಿ ಮುಗಿದ ಅಠಾರ ಕಚೇರಿ, ಎಂದರೆ ಇಂದಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡ, ನಮ್ಮ ಕಣ್ಣಿಗೆ ಅಷ್ಟು ಮನೋಹರವಾಗಿ ಕಾಣುವುದೇತಕ್ಕೆ? ಅದರ ಹಿಂದೆ ಕಬ್ಬನ್ ಉದ್ಯಾನದ ಹಸುರು ಹಬ್ಬಿರುವುದರಿಂದ. ಅದೇ ಕಂಬಗಳ ಸಾಲನ್ನು ಪೇಟೆಯ ಇಕ್ಕಟ್ಟು ಬೀದಿಯಲ್ಲಿ ನಿಲ್ಲಿಸಿದ್ದರೆ ಅದರ ಅರ್ಧವನ್ನೂ ನಾವು ಒಂದೇ ನೋಟಕ್ಕೆ ಕಾಣುತ್ತಿರಲಿಲ್ಲ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಸಸ್ಯಶಾಸ್ತ್ರಜ್ಞ ಕ್ರುಂಬಿಗಲ್, ಒಂದು ಬೀದಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಬೀದಿ ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದನು. ಬಿಟ್ಟ ನೆಲವಿದ್ದುದರಿಂದಲ್ಲವೆ ಆ ಕಲ್ಪನೆಗೆ ಬೇರೂರಲು ಸಾಧ್ಯವಾದುದು?

ಇಷ್ಟರವರೆಗೆ ನಾವು ಹೇಳಿದ್ದು ಮನೆಯ ಮುಂಬಾಗಿಲ ಕಥೆ. ಹಿಂಬಾಗಿಲ ಕಥೆಯನ್ನು ಹೇಳದಿದ್ದರೆ ಚರಿತ್ರೆಗೆ ಅಪಚಾರವಾಗುವುದು.

ಹೊಸ ಬಡಾವಣೆಗಳ ನಕ್ಷೆಯಲ್ಲಿ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಒಂದು ಕಿರಿದಾದ ದಾರಿಯುಂಟು. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿಯೆಂದು ಹೆಸರು. ನೆಲದೊಳಗಿನ ಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸುಗಳನ್ನು ಹಿತ್ತಿಲ ಗೋಡೆಗೆ ಸೇರಿಸಿ ಕಟ್ಟುತ್ತಿದ್ದರು. ಮಲ ಬಳಿಯುವವರು ಆ ಗಲ್ಲಿಯಿಂದ ಬಂದು, ಸಣ್ಣ ಕಿಂಡಿಯ ಮೂಲಕ ಅದನ್ನು ತೆಗೆದು, ಹೊತ್ತುಕೊಂಡು ಆ ದಾರಿಯಲ್ಲಿಯೇ ಹೋಗಿಬಿಡುತ್ತಿದ್ದರು. ನಗರ ನಿರ್ಮಾಣದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಏರ್ಪಾಟು. ಮನುಷ್ಯತ್ವದ ದೃಷ್ಟಿಯಿಂದ ಏನೆಂದು ಹೇಳೋಣ? ಮುಂದಿನ ತೋಟದ ಗುಲಾಬಿಯನ್ನು ನೋಡುವವನ ಕಣ್ಣಿಗೆ ಆ ಕೆಲಸವೂ ಬೀಳಬಾರದು, ಕೆಲಸಗಾರನೂ ಬೀಳಬಾರದು. ಅದಕ್ಕಾಗಿಯೇ ಗೆರೆಯೆಳೆದು ಬಿಟ್ಟ ನೆಲ ಅದು. ಬಡಾವಣೆಗಳ ನಿವೇಶನಗಳನ್ನು ಮೊದಲಲ್ಲಿ ಜಾತಿವಾರಾಗಿ ಹಂಚಿದರೆಂಬುದನ್ನೂ ಇದರ ಜೊತೆಗೆ ನೆನೆಯಬೇಕು. ನಮ್ಮ ಆರೋಗ್ಯವನ್ನು ಕಾಪಾಡಿದ ಜನರು ನಮ್ಮ ಬೀದಿಯಲ್ಲಿ ನಡೆಯುವ ಹಕ್ಕನ್ನು ಪಡೆದಿರಲಿಲ್ಲ.

ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರು 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು. ಕೇಂದ್ರದ ಕಾಯಿದೆಗಳು 1993ರಲ್ಲಿಯೂ 2013ರಲ್ಲಿಯೂ ಬಂದುವು. ಕಾಯಿದೆಗಳ ಅನಂತರವೂ ಮನುಷ್ಯರನ್ನು ಚರಂಡಿಯ ಗುಂಡಿಗಳಿಗೆ ಇಳಿಸಿ ಕೊಂದ ಸುದ್ದಿಗಳು ನಿಂತಿಲ್ಲವೆಂಬುದು ನಮಗೆಲ್ಲರಿಗೂ ನಾಚಿಕೆಯ ವಿಷಯ. ಒಂದು ಕಟ್ಟಡದ ಸೌಖ್ಯವನ್ನು ಅಳೆಯುವಾಗ ಒಳಗೆ ಮಲಗುವವನನ್ನು ಮಾತ್ರ ಕೇಳಿದರೆ ಸಾಲದು. ಅದನ್ನು ಶುಚಿಮಾಡುವವನನ್ನೂ ಕೇಳಬೇಕು.

ಇನ್ನು ಪೇಟೆಯಲ್ಲಿಯೇ ಉಳಿದವರ ಗತಿಯೇನು? ನಿವೇಶನ ಕೊಳ್ಳಲು ಶಕ್ತಿಯುಳ್ಳವರು ಮಲ್ಲೇಶ್ವರಕ್ಕೋ ಬಸವನಗುಡಿಗೋ ಹೋದರು. ಇಲ್ಲದವರು ಅಲ್ಲೇ ನಿಂತರು. ಅಂಥ ಹಳೆಯ ಊರುಗಳಿಗೆ ಬೇರೊಂದು ಚಿಕಿತ್ಸೆಯನ್ನು ಸೂಚಿಸಿದವನು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. 1915ರ ಸುಮಾರಿನಲ್ಲಿ ಮದರಾಸು ಪ್ರಾಂತದ ಊರುಗಳನ್ನು ಸುತ್ತಿ, 1918ರಲ್ಲಿ ಇಂದೂರಿನ ದರ್ಬಾರಿಗೆ ದೊಡ್ಡ ವರದಿಯೊಂದನ್ನು ಒಪ್ಪಿಸಿದ ಈತನು, ಹಳೆಯ ಬೀದಿಗಳನ್ನು ಸೀಳಿ ಹೆದ್ದಾರಿ ಮಾಡುವುದನ್ನು ಕಟುವಾಗಿ ವಿರೋಧಿಸಿದನು. ಪಾಳುಬಿದ್ದ ಒಂದೆರಡು ಮನೆಗಳನ್ನು ಮಾತ್ರ ತೆಗೆದು, ಅಲ್ಲಿ ಸಣ್ಣ ಬಯಲು ಮಾಡಿ, ಮರ ನೆಟ್ಟು, ಉಳಿದ ಜನರನ್ನು ಇದ್ದಲ್ಲಿಯೇ ಇರಗೊಡಬೇಕೆಂಬುದು ಅವನ ಮತ. ಇಂದೂರಿನಲ್ಲಿ ದೀಪಾವಳಿಯ ಮೆರವಣಿಗೆಯೊಂದನ್ನು ಏರ್ಪಡಿಸಿ, ಶುಚಿಯಾದ ಬೀದಿಗಳಲ್ಲಿಯೇ ಅದು ಸಾಗುವುದೆಂದು ಸಾರಿ, ಜನರೇ ತಮ್ಮ ಮನೆ ಬೀದಿಗಳನ್ನು ಚೊಕ್ಕಟಮಾಡಿಕೊಳ್ಳುವಂತೆ ಮಾಡಿದನು. ಊರನ್ನು ಗುಡಿಸುವವರಿಗೂ ಆ ಮೆರವಣಿಗೆಯಲ್ಲಿ ಗೌರವದ ಸ್ಥಾನ ದೊರೆಯಿತು.

ಗಾಳಿ ಬೆಳಕುಗಳ ವಿಚಾರವನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಒಬ್ಬನು ನಮ್ಮ ಸಂಸ್ಥಾನದಲ್ಲಿಯೇ ಕೆಲಸ ಮಾಡಿದನೆಂಬುದು ಹೆಮ್ಮೆಯ ವಿಷಯ. ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ಆಟ್ಟೊ ಕೋನಿಗ್ಸ್‌ಬರ್ಗರ್, ಹಿಟ್ಲರನ ಕಾಲದಲ್ಲಿ ಜರ್ಮನಿಯನ್ನು ಬಿಟ್ಟು ಈಜಿಪ್ಟಿಗೆ ಹೋಗಿ, ಅಲ್ಲಿಂದ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ವಾಸ್ತುಶಿಲ್ಪದ ಮುಖ್ಯಾಧಿಕಾರಿಯಾದನು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅವನು ಕಟ್ಟಿಸಿದ ಕಟ್ಟಡಗಳಿವೆ. ಯುರೋಪಿನಲ್ಲಿ ಕಲಿತ ಮಾದರಿಗಳನ್ನು ಇಲ್ಲಿ ಹಾಗೆಯೇ ಇಳಿಸದೆ, ಗಾಳಿ ಯಾವ ದಿಕ್ಕಿನಿಂದ ಬೀಸುವುದು, ನೆರಳು ಎಲ್ಲಿ ಬೀಳುವುದು ಎಂಬುದನ್ನು ಮೊದಲು ಗಮನಿಸಿದನು. 1948ರಲ್ಲಿ ಭಾರತ ಸರಕಾರದ ವಸತಿ ನಿರ್ದೇಶಕನಾಗಿ ಹೋಗಿ, ಆಮೇಲೆ ಲಂಡನ್ನಿನಲ್ಲಿ ಅಧ್ಯಾಪಕನಾಗಿ, ಉಷ್ಣದೇಶಗಳ ಗೃಹನಿರ್ಮಾಣವನ್ನು ಕುರಿತು ಸಹೋದ್ಯೋಗಿಗಳೊಡನೆ ಅವನು ಬರೆದ ಗ್ರಂಥ 1970ರ ದಶಕದಲ್ಲಿ ಪ್ರಕಟವಾಯಿತು. ನಮ್ಮ ಅಜ್ಜಂದಿರು ರೂಢಿಯಿಂದ ಬಲ್ಲದ್ದಕ್ಕೆ ಅವನು ಲೆಕ್ಕವನ್ನು ಒದಗಿಸಿದನು.

ಆ ಲೆಕ್ಕವನ್ನು ನಾವು ಎಷ್ಟುಮಟ್ಟಿಗೆ ಓದಿದ್ದೇವೆ? 1901ರ ಜನಗಣತಿಯಲ್ಲಿ ನಗರವೂ ದಂಡೂ ಕೂಡಿ ಬೆಂಗಳೂರಿನ ಜನಸಂಖ್ಯೆ ಸುಮಾರು 1,60,000. 2011ರಲ್ಲಿ ಸುಮಾರು 84 ಲಕ್ಷ. ಇಷ್ಟು ಜನರಿಗೆ ಮನೆ ಬೇಕು. ಎಲ್ಲರಿಗೂ ಹೂದೋಟದ ಬಂಗಲೆ ಸಾಧ್ಯವಿಲ್ಲ. ಕಟ್ಟಡಗಳು ಮೇಲಕ್ಕೇರುವುದು ಅನಿವಾರ್ಯ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ನಾವು ಆಕ್ಷೇಪಿಸುವುದು ಓಣಿಯ ಕೊನೆಯ ಗೇಣನ್ನೂ ಬಿಡದೆ ಕಟ್ಟುವ ಆಸೆಯನ್ನು. ಗಾಳಿಯನ್ನು ಬಿಟ್ಟು ಗಾಜನ್ನು ನೆಚ್ಚುವ ಮೋಹವನ್ನು. ನಾವು ಕೆಲವು ವರ್ಷ ಪಾಠ ಹೇಳಿದ ಹೊಸ ಕಟ್ಟಡವೊಂದಕ್ಕೆ ಪಶ್ಚಿಮದ ಕಡೆ ನೆಲದಿಂದ ಮಾಡಿನವರೆಗೂ ಗಾಜಿನ ಗೋಡೆಯಿತ್ತು. ಹೊರಗಿನಿಂದ ನೋಡಿದವರು ಮೆಚ್ಚುತ್ತಿದ್ದರು. ಒಳಗೆ ಮೂರು ಗಂಟೆಯ ಹೊತ್ತಿಗೆ ಹುಡುಗರು ಪುಸ್ತಕವನ್ನು ಕಣ್ಣಿಗೆ ಅಡ್ಡ ಹಿಡಿದು ಕೂರುತ್ತಿದ್ದರು. ಪರದೆ ಎಳೆದರೆ ಕತ್ತಲೆ, ಆಮೇಲೆ ಹಗಲಿನಲ್ಲಿಯೇ ದೀಪ. ಹೊಕ್ಕ ಬಿಸಿಲಿನ ಶಾಖವನ್ನು ಗಾಜು ಸುಲಭವಾಗಿ ಹೊರಬಿಡದು. ಆಗ ತಂಪುಯಂತ್ರ ಬೇಕು. ಆ ಯಂತ್ರ ಒಳಗಿನ ಬೇಗೆಯನ್ನು ಬೀದಿಗೆ ಉಗುಳುವುದು. ಒಳಗಿನವನ ತಂಪಿಗೆ ಹೊರಗೆ ಸೊಪ್ಪು ಮಾರುವವಳು ಬೆಲೆ ತೆರುವಳು. ಕನ್ಸರ್ವೆನ್ಸಿ ಗಲ್ಲಿಯ ನ್ಯಾಯ ಬೇರೆ ರೂಪದಲ್ಲಿ ಮರಳಿ ಬಂದಿತೆಂದು ನಮಗೆ ತೋರುತ್ತದೆ.

ಆ ಹಳೆಯ ಗಲ್ಲಿಗಳಲ್ಲಿ ಕೆಲವನ್ನು ಅಕ್ಕಪಕ್ಕದವರು ಒತ್ತಿಕೊಂಡರು. ಕೆಲವು ಕಸದ ರಾಶಿಗಳಾದುವು. ಮಲ್ಲೇಶ್ವರದಲ್ಲಿ ಒಂದೆರಡನ್ನು ಈಚಿನ ವರ್ಷಗಳಲ್ಲಿ ಗುಡಿಸಿ, ನೆಲಗಟ್ಟು ಹಾಕಿ, ಜನರು ನಡೆದಾಡುವ ದಾರಿಗಳನ್ನಾಗಿ ಮಾಡಿರುವರು. ಯಾರನ್ನು ಮರೆಮಾಡಲು ಆ ನೆಲವನ್ನು ಬಿಟ್ಟಿದ್ದರೋ, ಅವರ ಮಕ್ಕಳೂ ಮೊಮ್ಮಕ್ಕಳೂ ಉಳಿದೆಲ್ಲರೊಡನೆ ಹಗಲಿನಲ್ಲಿ ತಲೆಯೆತ್ತಿ ಅಲ್ಲಿ ನಡೆಯುವಂತಾದರೆ, ನಗರದ ಚರಿತ್ರೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಮನೆ ಕಟ್ಟಿಸುವ ಯೋಗ ನಮ್ಮಲ್ಲಿ ಕೆಲವರಿಗಾದರೂ ಬರುವುದು. ನಕ್ಷೆಯನ್ನು ಮುಂದಿಟ್ಟುಕೊಂಡು ಕೋಣೆಗಳ ಅಳತೆಯನ್ನು ನೋಡುವಾಗ, ಬಿಳಿಯಾಗಿ ಉಳಿದ ಭಾಗವನ್ನೂ ಒಮ್ಮೆ ನೋಡೋಣ. ಅಲ್ಲಿಂದ ಯಾರಿಗೆ ಗಾಳಿ ಬರುವುದು, ಯಾರಿಗೆ ನೆರಳು ದೊರೆಯುವುದು, ಯಾರು ನಡೆದು ಬರುವರು ಎಂದು ವಿಚಾರಿಸೋಣ. ಹೀಗೆ ವಿಚಾರಿಸದ ಕಾಲದಲ್ಲಿ ಏನಾಯಿತೆಂಬುದನ್ನು 1898ರ ಬೆಂಗಳೂರು ನಮಗೆ ತಿಳಿಸಿಕೊಟ್ಟಿದೆ.